ಬೆನ್ನು ಬಿಡದವಳು

ಮ್ಯಾರಥಾನ್‌ನ ಅರ್ಧ ದಾರಿಯಿಂದಲೂ ಆ ಹೆಂಗಸು ನನ್ನ ಬೆನ್ನು ಬಿಟ್ಟಿರಲಿಲ್ಲ. ತಲೆಯೆಲ್ಲ ನರೆ, ಚೂಡಿದಾರದ ಮೇಲೊಂದು ಟೀ ಶರ್ಟು, ಕಾಲಲ್ಲಿ ಮಕ್ಕಳು ಬಿಸಾಡಿದಂಥ ಬಿಳಿ ಕ್ಯಾನ್ವಾಸ್ ಶೂ. ಓಟ ಈಗ ಫ್ಯಾಷನ್ ಆಗಿಬಿಟ್ಟಿದೆ; ತರಬೇತಿಯ ಗಂಧವಿಲ್ಲದವರೂ ಬಂದುಬಿಡುತ್ತಾರೆ. ನಾನಾದರೋ ವರ್ಷವಿಡೀ ನಸುಕಿನಲ್ಲೆದ್ದು ಓಡಿದವನು, ಅನ್ನ ಬಿಟ್ಟವನು.

ಲೇಸು ಕಟ್ಟಲು ನಾನು ನಿಂತರೆ ಅವಳೂ ನಿಂತಳು. ಅದೇ ನೆಪದಲ್ಲಿ ಸುಧಾರಿಸಿಕೊಳ್ಳಬಹುದಲ್ಲ!

ವ್ಯವಸ್ಥೆಯನ್ನಂತೂ ಕೇಳಲೇಬೇಡಿ. ನಾನು ನೀರು ಕುಡಿದದ್ದೇ ತಡ, ಸ್ವಯಂಸೇವಕರು ಮೇಜು ಮಡಚತೊಡಗಿದರು. ಹಿಂದೆ ಇನ್ನೆಷ್ಟು ಜನ ಬಾಯಾರಿ ಬರುತ್ತಿದ್ದಾರೋ ಎಂಬ ಪರಿವೆಯೇ ಇಲ್ಲ. ಪೊಲೀಸರು ಆಗಲೇ ಬ್ಯಾರಿಕೇಡು ಸರಿಸಿ ಬಸ್ಸುಗಳನ್ನು ಬಿಡುತ್ತಿದ್ದರು. ಸೋಮಾರಿಗಳು.

ಕೊನೆಗೆ ತಡೆಯಲಾರದೆ ಅವಳತ್ತ ತಿರುಗಿದೆ.

"ಏನಮ್ಮಾ, ನನ್ನ ಬಾಲ ಹಿಡ್ಕೊಂಡು ಇನ್ನೆಷ್ಟು ದೂರ ಬರ್ತೀರಿ? ಇದು ಎಲ್ಲರ ಕೈಲಾಗೋ ಕೆಲಸ ಅಲ್ಲ. ಬಿಟ್ಟು ಮನೆಗೆ ಹೋಗಿ."

ಅವಳು ಏದುಸಿರೂ ಬಿಡುತ್ತಿರಲಿಲ್ಲ.

"ನೀವು ಬಿಟ್ರೆ ಈಗಲೇ ಹೋಗ್ತೀನಿ ಸಾರ್. ಎಲ್ಲರಿಗಿಂತ ಕೊನೇಲಿ ಬರೋರ ಹಿಂದೆ ಓಡೋದೇ ಇವತ್ತು ನನ್ನ ಡ್ಯೂಟಿ."