ಪುಣೆಯಿಂದ ಬಂದ ಫೋನು

ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ನಾನು ಈಗಲೂ ಕೈಲಿದ್ದ ಕೆಲಸ ಬಿಟ್ಟು ಎತ್ತುತ್ತೇನೆ.

ಫೋಟೊ ನೋಡಿಯೇ ಕೊಂಡ ಹಳೆಯ ಕಾರನ್ನು ಸಿಂದಗಿಗೆ ತರಲು ಅಣ್ಣ ಪುಣೆಗೆ ಹೋಗಿದ್ದ. ಮಧ್ಯಾಹ್ನ ನಾನು ಅವ್ವನ ಮೊಬೈಲಿನಲ್ಲಿ ಆಟವಾಡುತ್ತಿದ್ದಾಗ ಕಾರು ಮಾರಿದವರು ಫೋನು ಮಾಡಿದರು; ಗಾಡಿ ಓಡಿಸುತ್ತಿದ್ದ ಅಣ್ಣ ಎತ್ತದ್ದಕ್ಕೆ, ಅವನೇ ಕೊಟ್ಟಿದ್ದ ಈ ನಂಬರಿಗೆ. ಕಾರು ನಿಂತಿದ್ದ ಜಾಗದಲ್ಲಿ ಬ್ರೇಕ್ ಎಣ್ಣೆ ಸೋರಿದ್ದು ಈಗ ಕಂಡಿತು, ಗಾಡಿ ನಿಲ್ಲಿಸಲು ಅಣ್ಣನಿಗೆ ಹೇಳು ಎಂದರು, ಮರಾಠಿಯಲ್ಲಿ. ನನಗೆ ಎಲ್ಲವೂ ತಿಳಿಯಿತು.

“ಯಾರದವಾ ಫೋನು?” ಎಂದಳು ಅಜ್ಜಿ.

“ರಾಂಗ್ ನಂಬರ್,” ಎಂದೆ, ಮೊಬೈಲು ಕಸಿದುಕೊಳ್ಳುತ್ತಾರೆಂದು.

ಆಟ ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಆಗ ಹೇಳಿದರೆ ಸುಳ್ಳು ಬಯಲಾಗುತ್ತಿತ್ತು. ಬಾಗಿಲಲ್ಲಿ ಕುಳಿತು ಅಣ್ಣನ ದಾರಿ ಕಾದೆ.

ಸಂಜೆ ಅಣ್ಣ ಕೈಗೆ ಪಟ್ಟಿ ಕಟ್ಟಿಸಿಕೊಂಡು ಯಾರದೋ ಬೈಕಿನಲ್ಲಿ ಬಂದ. “ಇಂಡಿ ಹತ್ರ ಬ್ರೇಕ್ ಹತ್ತಲಿಲ್ಲಬೇ. ಕಬ್ಬಿನ ಹೊಲಕ್ಕ ಇಳಿಸಿ ಉಳಕೊಂಡೆ.”

“ಯಾರ ಕೆಟ್ಟ ಕಣ್ಣ ಬಿತ್ತೋ,” ಎಂದು ಅವ್ವ ಉಪ್ಪು, ಮೆಣಸಿನಕಾಯಿ ನನ್ನ ಕೈಗೇ ಕೊಟ್ಟಳು. ತಲೆ ಬಗ್ಗಿಸಿ ನಿಂತ ಅಣ್ಣನಿಗೆ ನಾನೇ ದೃಷ್ಟಿ ತೆಗೆದೆ.