ಯಾರೂ ಮುಟ್ಟದ ಪೀಚ್ ಪೈ

ಚರ್ಚಿನ ಓಕ್ ಮರದಡಿಯ ಉದ್ದ ಮೇಜಿನ ಮೇಲೆ ಎಲ್ಲರ ಮನೆಯ ಅಡುಗೆಯೂ ಖಾಲಿಯಾಗಿತ್ತು. ಹಿಟ್ಟಿನೊಳಗೆ ಪೀಚ್ ಹಣ್ಣು ತುಂಬಿ ಬೇಯಿಸಿದ ಮೆಲ್ವೀನಾಳ ಪೈ ಮಾತ್ರ ಇಟ್ಟ ಹಾಗೇ ಇತ್ತು. ಭಾನುವಾರದ ಊಟಕ್ಕೆ ತಂದ ಪಾತ್ರೆ ತುಂಬಿಕೊಂಡೇ ಮನೆಗೆ ಮರಳಿದರೆ ಅಮೆರಿಕದ ಟೆನೆಸಿಯ ಆ ಊರಿನಲ್ಲಿ ಅದು ಬಹಿಷ್ಕಾರವೇ. ಅವಳ ತಪ್ಪಿಷ್ಟೇ: ಮನುಷ್ಯ ಪ್ರಾಣಿಗಳಿಂದ ವಿಕಾಸಗೊಂಡ ಎಂದು ಕಾನೂನು ಮೀರಿ ಪಾಠ ಹೇಳಿ ಕಟಕಟೆ ಹತ್ತಿದ ಮೇಷ್ಟ್ರಿಗೆ ಇನ್ನೂ ಅವಳ ಮನೆಯಲ್ಲೇ ಊಟ, ವಸತಿ.

“ಆ ಮಂಗನ್ನ ಆಚೆ ಹಾಕು ತಂಗಿ, ಈಗಲೇ ಎಲ್ಲರೂ ತಿಂತೀವಿ,” ಎಂದರು ಪಾದ್ರಿ ಹಾಲಿಸ್. ಸೆಕೆಗೆ ಬೀಸಿಕೊಳ್ಳುತ್ತಿದ್ದ ಬೀಸಣಿಗೆಗಳೆಲ್ಲ ನಿಂತವು.

ಮೆಲ್ವೀನಾ ಚಾಕು ಎತ್ತಿಕೊಂಡು ಪೈ ಕತ್ತರಿಸಿದಳು. ದೊಡ್ಡ ತುಂಡೊಂದನ್ನು ತನ್ನ ತಟ್ಟೆಗೆ ಹಾಕಿಕೊಂಡು, ಪಾದ್ರಿಯ ಎದುರಿಗೇ ಕೂತು ತಿನ್ನತೊಡಗಿದಳು. “ಆದಾಮನನ್ನ ದೇವರೇ ಮಾಡಿದ ಅಂತ ನಾನೂ ನಂಬ್ತೀನಿ ಪಾದ್ರಿಗಳೇ. ಆದ್ರೆ ನನ್ನ ಮನೇಲಿ ಯಾರು ಉಣ್ಬೇಕು ಅನ್ನೋದನ್ನ ನಾನೇ ಹೇಳೋದು. ಮೇಷ್ಟ್ರು ಇವತ್ತೂ ಅಲ್ಲೇ ಉಣ್ತಾರೆ.”

ಆಗ ಮೇಜಿನ ತುದಿಯಿಂದ ಖಾಲಿ ತಟ್ಟೆಯೊಂದು ಸರಿಯುತ್ತಾ ಬಂತು. ನೂಕಿದವಳು ಪಾದ್ರಿಯ ಹೆತ್ತ ತಾಯಿ.

“ನಂಗೂ ಒಂದು ತುಂಡು ಹಾಕಮ್ಮ,” ಎಂದಳು ಮುದುಕಿ. “ಇದನ್ನ ತಿಂದ್ರೆ ನಂಗೆ ಬಾಲ ಬರುತ್ತಾ, ನನ್ನ ಮಗ ಕಣ್ಣಾರೆ ನೋಡ್ಲಿ.”