ಹಳೆಯದರಲ್ಲೇ ಉಳಿದದ್ದು

ಎಲ್ಲಾ ಫೈಲ್ ಸಾಗಿಸಿದೆ ಎಂದು ಚಿಕ್ಕಮ್ಮನಿಗೆ ಹೇಳುವ ಮೊದಲು ಒಂದನ್ನಾದರೂ ತೆರೆದು ನೋಡಬಾರದಿತ್ತೇ ಎಂದು ಅವಳು ತನ್ನೊಳಗೇ ಕೊರಗಿದಳು. ಹಳೆಯ ಕಂಪ್ಯೂಟರಿನ ಪರದೆ ಮೇಲಿದ್ದ ಪುಟ್ಟ ಶಾರ್ಟ್‌ಕಟ್ ಚಿತ್ರಗಳೆಲ್ಲ ಹೊಸದರಲ್ಲೂ ಸಾಲಾಗಿ ಕೂತಿದ್ದವು. ಈಗ ಯಾವುದನ್ನು ಒತ್ತಿದರೂ 'ಫೈಲ್ ಸಿಗುತ್ತಿಲ್ಲ'. ಅವಳು ಹೊತ್ತು ತಂದಿದ್ದು ಬಾಗಿಲುಗಳನ್ನಷ್ಟೇ, ಮನೆ ಹಳೆಯದರಲ್ಲೇ ಇತ್ತು. ತೀರಿಹೋದ ಚಿಕ್ಕಪ್ಪ ಹಡಗಿನ ಕೆಲಸದಲ್ಲಿದ್ದಾಗ ಚಿಕ್ಕಮ್ಮನಿಗೆ ಬರೆದಿದ್ದ ಮೇಲ್‌ಗಳೂ ಅದರಲ್ಲೇ.

ಮೇಜಿನಾಚೆ ರಿಪೇರಿಯವನು ಆ ಹಳೆಯದನ್ನು ಮಾರಾಟಕ್ಕೆ ಸಿದ್ಧಮಾಡುತ್ತಿದ್ದ. "ಎಲ್ಲಾ ಅಳಿಸ್ಬಿಡ್ಲಾ ಅಮ್ಮಾ? ಆಮೇಲೆ ಬ್ರಹ್ಮ ಬಂದ್ರೂ ವಾಪಸ್ ತರೋಕಾಗಲ್ಲ."

"ಧಾರಾಳವಾಗಿ ಅಳಿಸಪ್ಪ," ಎಂದರು ಚಿಕ್ಕಮ್ಮ. "ನಮ್ಮ ಹುಡುಗಿ ಒಂದೂ ಬಿಡದೆ ಸಾಗಿಸಿದಾಳೆ. ಬಾಯಲ್ಲಿ ಮಾತಿಲ್ದಿದ್ರೂ ಕೈಕೆಲಸ ಚೊಕ್ಕ. ಅಲ್ವೇನೇ, ಮೌನಗೌರಿ?"

ಅಭ್ಯಾಸಬಲದಿಂದ ಅವಳು ಹೌದೆಂದು ತಲೆಯಾಡಿಸಿಬಿಟ್ಟಳು. ರಿಪೇರಿಯವನ ಬೆರಳು ಕೀಬೋರ್ಡಿನತ್ತ ಇಳಿಯಿತು. ಅಪರಿಚಿತರ ಮುಖವನ್ನೂ ನೇರ ನೋಡದವಳು ಎದ್ದು ಮೇಜಿನ ಮೇಲೆ ಬಾಗಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಚಿಕ್ಕಪ್ಪನ ಮೇಲ್ ಒಂದೂ ಬಂದಿಲ್ಲ ಚಿಕ್ಕಮ್ಮ. ನಾನು ತೆಗೆದು ನೋಡೇ ಇರ್ಲಿಲ್ಲ."